ಸೂಜಿಗೆ ದಾರ ಪೋಣಿಸುವಷ್ಟು ಬೆಳಕು

ಹೊನ್ನಾಳಿ
18 ಸೆಪ್ಟೆಂಬರ್ 2024

ಸುನೀತಾ,

ನಿನ್ನೆ ಸಂಜೆ ಮನೆ ಮುಟ್ಟಿದೆ. ದಾವಣಗೆರೆ ತನಕ ಸೀಟು ಸಿಕ್ಕಿತು, ಅಲ್ಲಿಂದ ಹೊನ್ನಾಳಿಗೆ ನಿಂತೇ ಬಂದೆ. ಮೊಮ್ಮಗಳ ಮುಖ ನೋಡಿಬಂದ ಖುಷಿಗೆ ಕಾಲುನೋವು ಗೊತ್ತಾಗಲಿಲ್ಲ. ಬ್ಲೌಸು ಹೊಲಿಸಿಕೊಳ್ಳಲು ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ಕೂಸಿನ ಮೂಗಿನ ವರ್ಣನೆ ಮಾಡುತ್ತಿದ್ದೇನೆ. ಮೂಗು ನಮ್ಮ ರವಿಯದೇ, ಅದರಲ್ಲಿ ಎರಡು ಮಾತಿಲ್ಲ. ಅವನು ಭತ್ತದ ಕಟಾವಿನ ಮಷಿನ್ ರಿಪೇರಿಗೆ ಚನ್ನಗಿರಿಗೆ ಹೋದವನು ಇನ್ನೂ ಬಂದಿಲ್ಲ.

ಫೋನ್ ಮಾಡೋಣವೆಂದರೆ ನಿನ್ನ ಮೊಬೈಲು ಅಕ್ಕಿ ಡಬ್ಬದಲ್ಲಿದೆ. ಬಾಣಂತಿ ಅದನ್ನು ನೋಡಿದರೆ ಕಣ್ಣು ಹೋಗುತ್ತವೆ, ಕಿವಿಗಿಟ್ಟರೆ ಗಾಳಿ ಹೊಗುತ್ತದೆ ಎಂದು ಅಜ್ಜಮ್ಮನವರ ಕಟ್ಟಪ್ಪಣೆಯಾಗಿದೆ. ನಿನ್ನ ಅಪ್ಪನಿಗೆ ಮಾಡಿದರೆ "ಎಲ್ಲಾ ಆರಾಮ್ ಐತ್ರೀ" ಎಂದು ಕೂಗಿ ಕಟ್ ಮಾಡುತ್ತಾರೆ. ಅದಕ್ಕೇ ಕಾಗದ. ಇದನ್ನೂ ನೀನು ಓದುವಂತಿಲ್ಲವಂತೆ, ಮಲ್ಲೇಶಪ್ಪನವರು ಕೋಣೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುತ್ತಾರಂತೆ. ಓದಲಿ. ನಮಸ್ಕಾರ ಬೀಗರೆ. ಪಕ್ಕದಲ್ಲಿ ಕೂತಿರುವ ನಿಮ್ಮ ತಾಯಿಯವರಿಗೂ ನಮಸ್ಕಾರ.

ಬಾಣಂತನದ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ. ಚೊಚ್ಚಲ ಬಾಣಂತನ ತವರಿನವರ ಹಕ್ಕು. ನಿನ್ನ ತಾಯಿ ಇಲ್ಲದ ಜಾಗದಲ್ಲಿ ನಿಂತು ನಿನ್ನನ್ನು ಸಾಕಿದ ಅಜ್ಜಿ, ಈ ವಯಸ್ಸಿನಲ್ಲಿ ಟೊಂಕ ಕಟ್ಟಿ ನಿಂತು ನೀರು ಕಾಯಿಸಿ ಎರೆಯುತ್ತಿದ್ದಾರೆ. ಅವರಿಗೆ ನಾನು ಹೇಳಿಕೊಡುವುದು ಏನಿದೆ? ಹಾಗಾಗಿ ಗಿಡದ ವಿಷಯ ಮಾತ್ರ ಬರೆಯುತ್ತೇನೆ.

ನಾನು ತಂದುಕೊಟ್ಟ ದೊಡ್ಡಪತ್ರೆ ಕುಂಡವನ್ನು ನಿನ್ನ ಕೋಣೆಯಲ್ಲೇ ಇಡಬೇಕು. ಕೂಸಿಗೆ ಶೀತವಾದರೆ ಎಲೆ ಕೈಗೆ ಸಿಗುತ್ತದೆ. ಆದರೆ ಅದಕ್ಕೆ ಬೆಳಕು ಬೇಕು. ಎಷ್ಟು ಎಂದರೆ, ಲೈಟು ಹಾಕದೆ ಸೂಜಿಗೆ ದಾರ ಪೋಣಿಸುವಷ್ಟು. ನಾನು ಹೊಲಿಗೆ ಮಷಿನ್ನನ್ನು ಬೆಳಿಗ್ಗೆ ಪಡಸಾಲೆಯಲ್ಲಿ, ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ಇಟ್ಟುಕೊಳ್ಳುವುದನ್ನು ನೀನೇ ನೋಡಿದ್ದೀಯ, ಅದೇ ಲೆಕ್ಕ. ನಿನ್ನ ಕೋಣೆಯದು ಮೂಡಣ ಕಿಟಕಿ. ಅದಕ್ಕೆ ಕರೀ ಕಂಬಳಿ ಹೊಡೆದಿದ್ದಾರೆ. ಬೆಳಿಗ್ಗೆ ಸ್ವಲ್ಪ ಹೊತ್ತು ಆ ಕಂಬಳಿಯನ್ನು ಮೇಲೆತ್ತಿ ಕಟ್ಟಿದರೆ ಎಳೆಬಿಸಿಲು ಒಳಗೆ ಬರುತ್ತದೆ. ಗಿಡಕ್ಕೆ ಅದು ಬಹಳ ಒಳ್ಳೆಯದು. ಗಿಡದ ಸಲುವಾಗಿ ಹೇಳುತ್ತಿದ್ದೇನೆ ಅಷ್ಟೆ.

ಒಂದು ಸೂಜಿ, ಒಂದು ಎಳೆ ದಾರವನ್ನು ಬಟ್ಟೆ ಚೂರಿಗೆ ಚುಚ್ಚಿ ಇದರೊಳಗೆ ಇಟ್ಟಿದ್ದೇನೆ. ಬೆಳಕು ಸಾಲುತ್ತದೋ ಇಲ್ಲವೋ ನೋಡಲು.

ಪುಷ್ಪಾವತಿ


ಬಿಳಿಚೋಡು
27 ಸೆಪ್ಟೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಅಪ್ಪ ಚಹದಂಗಡಿಯಲ್ಲಿ ಪೇಪರು ಓದುವ ಹಾಗೆಯೇ ಓದಿದರು. ಪಕ್ಕದ ಮನೆಯವರಿಗೂ ಕೇಳಿರಬೇಕು, ಯಾಕೆಂದರೆ ಮಾರನೆಯ ದಿನ ಅವರು ಕೂಸಿನ ಮೂಗು ನೋಡಲೆಂದೇ ಬಂದಿದ್ದರು.

ನಾನು ಬರೆಯಲು ಅಜ್ಜಿ ಒಂದು ಹಾಳೆಗೆ ಒಪ್ಪಿಗೆ ಕೊಟ್ಟಿದ್ದಾಳೆ. ಬರೆದಾದ ಮೇಲೆ ಅಪ್ಪ ಅಜ್ಜಿಗೆ ಓದಿ ಹೇಳಿ ಆಮೇಲೆ ಅಂಟಿಸುತ್ತಾರೆ.

ನಾನು ಆರಾಮಾಗಿದ್ದೇನೆ. ಕೂಸೂ ಆರಾಮ. ಬೆಳ್ಳುಳ್ಳಿ ಸಾರು, ಮೆಣಸಿನ ಸಾರು, ಅಂಟಿನ ಉಂಡೆ ಯಾವುದಕ್ಕೂ ಕಡಿಮೆಯಿಲ್ಲ. ಹೊರಸಿನ ಕೆಳಗೆ ಕೆಂಡ ಇರುತ್ತದೆ, ಕಿವಿಯಲ್ಲಿ ಹತ್ತಿ ಇರುತ್ತದೆ, ತಲೆಗೆ ಸ್ಕಾರ್ಫು. ಅಜ್ಜಿ ಬಹಳ ಕಾಳಜಿಯಿಂದ ನೋಡಿಕೊಳ್ಳುತ್ತಿದ್ದಾಳೆ.

ಗಿಡಕ್ಕೆ ಬೆಳಕು ಬೇಕೆಂದು ನೀವು ಬರೆದದ್ದನ್ನು ಕೇಳಿ ಅಜ್ಜಿ, "ಅಷ್ಟೇ ತಾನೇ? ಅದಕ್ಯಾಕೆ ಕಿಟಕಿ ಬಿಚ್ಚಬೇಕು? ಬಾಣಂತಿಗೆ ಗಾಳಿ ಬಡಿಯಲ್ವಾ? ಗಿಡಾನೇ ಹೊರಗೆ ಇಟ್ರಾತು" ಅಂದಳು. ಅಪ್ಪ ತಕ್ಷಣ ಕುಂಡವನ್ನು ಎತ್ತಿಕೊಂಡು ಹೋಗಿ ಅಂಗಳದ ಕಟ್ಟೆಯ ಮೇಲೆ ಇಟ್ಟರು. ಅಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಬಿಸಿಲೋ ಬಿಸಿಲು. ಇನ್ನು ನೀವು ಗಿಡದ ಬಗ್ಗೆ ಚಿಂತೆ ಮಾಡುವುದು ಬೇಡ.

ನೀವು ಕಳಿಸಿದ ಸೂಜಿಯನ್ನು ಅಜ್ಜಿ ತೆಗೆದಿಟ್ಟಿದ್ದಾಳೆ. ಬಾಣಂತಿ ಸೂಜಿ ಹಿಡಿಯಬಾರದಂತೆ.

ಅವರು ಫೋನ್ ಮಾಡಿದಾಗ ಆರಾಮಾಗಿದ್ದೇನೆಂದು ತಿಳಿಸಿರಿ.

ನಿಮ್ಮ ಸೊಸೆ
ಸುನೀತಾ


ಹೊನ್ನಾಳಿ
4 ಅಕ್ಟೋಬರ್ 2024

ಸುನೀತಾ,

ಅಯ್ಯೋ ದೇವರೆ! ಅಂಗಳದಲ್ಲಿ ಇಟ್ಟರಂತೆ! ನಿಮ್ಮ ಜಗಳೂರು ಸೀಮೆಯ ಬಿಸಿಲಿಗೆ ಕಲ್ಲೇ ಬಾಯಿ ಬಿಡುತ್ತದೆ, ಆ ಮೆತ್ತಗಿನ ಎಲೆ ಏನಾಗಬೇಕು? ನಮ್ಮ ಪಡಸಾಲೆಯ ನೆರಳಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ತೆಗೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸುತ್ತಾರೆಯೆ? ಒಗ್ಗಿಸಬೇಕಮ್ಮ. ಇವತ್ತು ಚೂರು, ನಾಳೆ ಇನ್ನೊಂಚೂರು. ಬಿಸಿಲು ಮೈಮೇಲೆ ಬೀಳಬಾರದು, ಬೆಳಕು ಮಾತ್ರ ಬೀಳಬೇಕು. ಎಳೆಬಿಸಿಲಾದರೆ ಪರವಾಗಿಲ್ಲ, ಹೊತ್ತೇರಿದ ಮೇಲೆ ಬೇಡ.

ಈ ಕಾಗದ ಓದಿ ಮುಗಿಸುವ ಮೊದಲೇ ಅದನ್ನು ಒಳಗೆ ತನ್ನಿ. ಬೀಗರೆ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ, ಹೋಗಿ ತಂದುಬಿಡಿ. ನಾನು ಕಾಯುತ್ತೇನೆ.

ತಂದಿರಾ? ಸರಿ. ಅದು ಬಾಣಂತಿ ಕೋಣೆಯಲ್ಲೇ ಇರಬೇಕು. ಪಡಸಾಲೆಯಲ್ಲಿ ಬೇಡ, ಅಡುಗೆಮನೆಯಲ್ಲಿ ಬೇಡ, ದೇವರ ಗೂಡಿನ ಪಕ್ಕದಲ್ಲೂ ಬೇಡ. ಯಾಕೆಂದು ಕೇಳಿದರೆ, ಅದರ ವಾಸನೆಗೆ ಸೊಳ್ಳೆ ಬರುವುದಿಲ್ಲ. ಕೂಸಿರುವ ಕೋಣೆಗೆ ಅದು ಬಹಳ ಮುಖ್ಯ. ಮತ್ತೆ ಕಿಟಕಿ ತೆಗೆಯದೆ ಇಟ್ಟರೆ ವಾಸನೆ ಹುಟ್ಟುವುದಿಲ್ಲ. ಎಲೆಗೆ ಬೆಳಕು ತಾಗಿದರೇ ಅದು ವಾಸನೆ ಬಿಡುವುದು. ಇದು ನಾನು ಹೇಳುತ್ತಿರುವುದಲ್ಲ, ತಿಳಿದವರು ಹೇಳಿದ್ದು.

ಗಾಳಿ ಬಡಿಯುವ ಭಯವಿದ್ದರೆ ಕಿಟಕಿಗೆ ತೆಳ್ಳಗಿನ ಬಿಳಿ ಪಂಚೆ ಕಟ್ಟಬಹುದು. ಗಾಳಿ ನಿಲ್ಲುತ್ತದೆ, ಬೆಳಕು ಸೋಸಿ ಬರುತ್ತದೆ. ಗಿಡಕ್ಕೂ ಅದೇ ಹಿತ.

ಸೂಜಿಯನ್ನು ನೀನು ಹಿಡಿಯುವುದು ಬೇಡ, ಅಜ್ಜಮ್ಮನವರು ಹೇಳಿದ್ದು ಸರಿ. ಅವರೇ ಒಮ್ಮೆ ಕೋಣೆಯಲ್ಲಿ ಕೂತು ದಾರ ಪೋಣಿಸಿ ನೋಡಲಿ. ಪೋಣಿಸಲು ಬಂದರೆ ಬೆಳಕು ಸಾಕು ಎಂದು ನಾನು ಒಪ್ಪಿಕೊಳ್ಳುತ್ತೇನೆ, ಮತ್ತೆ ಕಿಟಕಿಯ ಸುದ್ದಿ ಎತ್ತುವುದಿಲ್ಲ.

ರವಿ ಕತ್ತಲಗೆರೆ ಕಡೆ ಹೊಲಗಳನ್ನು ನೋಡಿಬರಲು ಹೋಗಿದ್ದಾನೆ. ಕಟಾವು ಶುರುವಾದರೆ ಅವನು ನಮ್ಮ ಕೈಗೆ ಸಿಗುವುದಿಲ್ಲ.

ಪುಷ್ಪಾವತಿ


ಬಿಳಿಚೋಡು
15 ಅಕ್ಟೋಬರ್ 2024

ಅತ್ತೆಯವರಿಗೆ ನಮಸ್ಕಾರ.

ಅಪ್ಪ ನೀವು ಹೇಳಿದಲ್ಲಿಗೆ ನಿಲ್ಲಿಸಿ, ಕಾಗದವನ್ನು ಹೊಸ್ತಿಲ ಮೇಲಿಟ್ಟು ಹೋಗಿ ಕುಂಡ ತಂದರು. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಮೇಲಿನ ಎಲೆಗಳ ಅಂಚು ಕಂದಿ, ಹಪ್ಪಳದ ಹಾಗೆ ಮುರಿಯುತ್ತಿದ್ದವು. ಅಪ್ಪ ಆ ಎಲೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು, ಪಾಪ.

ಈಗ ಗಿಡ ನನ್ನ ಕೋಣೆಯ ಮೂಲೆಯಲ್ಲಿದೆ. ಅಜ್ಜಿಗೆ ಅದರ ಮೇಲೆ ಎಷ್ಟು ಅಕ್ಕರೆ ಬಂದಿದೆಯೆಂದರೆ ದಿನಾ ತಾನೇ ನೀರು ಹಾಕುತ್ತಾಳೆ. ಅದು ಉದ್ದಕ್ಕೆ ಚಿಗುರಿ, ಒಂಥರಾ ಹಳದಿ ಬಣ್ಣಕ್ಕೆ ತಿರುಗಿದೆ. ನನಗೆ ಯಾಕೋ ಭಯವಾಯಿತು. ಅಜ್ಜಿಗೆ ತೋರಿಸಿದರೆ ಅವಳ ಮುಖ ಅರಳಿತು. "ಏ ಹುಚ್ಚಿ, ಘಟದ ಸಸಿ ನೋಡಿಲ್ವೇನೆ ನೀನು? ನವರಾತ್ರೀಲಿ ಕತ್ತಲಾಗೆ ಮುಚ್ಚಿಟ್ಟು ಬೆಳೆಸಿದ್ರೇನೇ ಅದಕ್ಕೆ ಬಂಗಾರದ ಬಣ್ಣ ಬರಾದು. ಬಣ್ಣ ಹಿಂಗೆ ಬಂತು ಅಂದ್ರೆ ಮನೆಗೆ ಒಳ್ಳೇದಾತು ಅಂತ ಲೆಕ್ಕ" ಅಂದಳು. ಬನ್ನಿ ಮುಡಿಯುವ ದಿನ ಘಟದ ಸಸಿಯ ಜೊತೆಗೆ ದೊಡ್ಡಪತ್ರೆಯ ಒಂದು ಹಳದಿ ಚಿಗುರನ್ನೂ ಕಿತ್ತು ನನ್ನ ಸ್ಕಾರ್ಫಿಗೆ ಸಿಕ್ಕಿಸಿದಳು. ಎಲ್ಲರೂ ನಕ್ಕೆವು.

ಸೂಜಿಯ ಪರೀಕ್ಷೆಯೂ ಆಯಿತು. ಅಜ್ಜಿ ನನ್ನ ಹೊರಸಿನ ಮೇಲೆ ಕೂತು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಕಣ್ಣು ಕಿರಿದು ಮಾಡಿ ಪೋಣಿಸಲು ನೋಡಿದಳು. ಹೋಗಲಿಲ್ಲ. ಮತ್ತೆ ಪ್ರಯತ್ನಿಸಿದಳು. ಮತ್ತೆ ಹೋಗಲಿಲ್ಲ. ಕೊನೆಗೆ, "ಇದು ಹೊನ್ನಾಳಿ ಸೂಜಿ, ನಮ್ಮೂರ ದಾರ ಇದಕ್ಕೆ ಒಗ್ಗಲ್ಲ" ಅಂದಳು. ದಾರವೂ ಹೊನ್ನಾಳಿಯದೇ ಎಂದು ಅಪ್ಪ ಹೇಳಿದರು. ಅಜ್ಜಿ ಆವತ್ತು ಅಪ್ಪನಿಗೆ ಸಂಜೆಯ ಚಹ ಕೊಡಲಿಲ್ಲ.

ಇದನ್ನು ಬರೆಯುವಾಗ ಅಜ್ಜಿ ಎದುರಿಗೇ ಇದ್ದಾಳೆ. ಬರಿ ಬರಿ, ನಂಗೇನು ಹೆದರಿಕೆ ಅನ್ನುತ್ತಿದ್ದಾಳೆ.

ನಿಮ್ಮ ಗಿಡವನ್ನು ಜೋಪಾನ ಮಾಡುತ್ತೇವೆ. ಕೂಸು ಆರಾಮಾಗಿದೆ. ನಾನೂ ಆರಾಮಾಗಿದ್ದೇನೆ. ನೀವು ಕೇಳಿರಲಿಲ್ಲ, ಆದರೂ ತಿಳಿಸಿದ್ದೇನೆ.

ಸುನೀತಾ


ಹೊನ್ನಾಳಿ
23 ಅಕ್ಟೋಬರ್ 2024

ಸುನೀತಾಳಿಗೆ,

ನಿನ್ನ ಕಾಗದ ಓದಿದೆ. ತವರಿನಲ್ಲಿ ಎಲ್ಲರೂ ನಗುತ್ತ ಇದ್ದೀರಿ, ಸಂತೋಷ. ಹೊನ್ನಾಳಿಯ ಗಿಡ ನಿಮಗೆ ಭಾರವಾಗುತ್ತಿದ್ದರೆ ಯಾರಾದರೂ ಈ ಕಡೆ ಬರುವವರ ಕೈಲಿ ಕಳಿಸು. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಕಳಿಸುವುದಿಲ್ಲ ಎಂದಾದರೆ ಒಂದು ಮಾತು. ಹಳದಿ ಬಣ್ಣ ಬಂದದ್ದು ಶುಭಕ್ಕಲ್ಲ, ಹಸಿವಿಗೆ. ಬೆಳಕಿಲ್ಲದೆ ಅದು ಬೆಳಕು ಹುಡುಕಿಕೊಂಡು ಉದ್ದುದ್ದ ಹೋಗುತ್ತಿದೆ, ಮೈಯಲ್ಲಿ ಶಕ್ತಿಯಿಲ್ಲ. ಘಟದ ಸಸಿಯನ್ನು ಹತ್ತನೆಯ ದಿನ ಕಿತ್ತು ಮುಡಿಯುತ್ತೇವೆ, ಅದು ಬದುಕಿ ಬಾಳಬೇಕೆಂದು ಯಾರೂ ಬೆಳೆಸುವುದಿಲ್ಲ. ಇದು ಬದುಕಬೇಕಾದದ್ದು. ನೀರನ್ನು ದಿನಾ ಹಾಕಬೇಡಿ, ಮಣ್ಣು ಒಣಗಿದ ಮೇಲೆ ಹಾಕಿ. ಕಿಟಕಿಯ ಹತ್ತಿರ ಇಟ್ಟು ಆಗಾಗ ಕುಂಡವನ್ನು ತಿರುಗಿಸಬೇಕು, ಇಲ್ಲವಾದರೆ ಒಂದೇ ಕಡೆಗೆ ವಾಲುತ್ತದೆ. ತಿರುಗಿಸುವುದನ್ನು ನೀನೇ ಮಾಡಬೇಕು, ಬೇರೆಯವರ ಕೈ ಅದಕ್ಕೆ ಆಗಿಬರುವುದಿಲ್ಲ. ಕಿಟಕಿ ತೆಗೆದಿರುವಷ್ಟು ಹೊತ್ತೂ ನೀನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಪಕ್ಕದಲ್ಲೇ ಕೂತಿರಬೇಕು. ಗಿಡಕ್ಕೆ ಮನುಷ್ಯರ ಸಹವಾಸ ಬೇಕಾಗುತ್ತದೆ.

ದೀಪಾವಳಿಗೆ ನಿನಗೊಂದು ಸೀರೆ, ಕೂಸಿಗೆ ನಾನೇ ಹೊಲಿದ ಜುಬಲಾಗಳನ್ನು ಪಾರ್ಸೆಲ್ ಮಾಡಿದ್ದೇನೆ. ಅಳತೆ ಅಂದಾಜಿನದು.

ಪುಷ್ಪಾವತಿ


ಬಿಳಿಚೋಡು
1 ನವೆಂಬರ್ 2024

ಅತ್ತೆ,

ಈ ಕಾಗದವನ್ನು ಅಪ್ಪ ಓದಿಲ್ಲ. ಅಜ್ಜಿಗೂ ಗೊತ್ತಿಲ್ಲ. ಹಬ್ಬಕ್ಕೆ ಬಳೆ ತೊಡಿಸಲು ಬಂದ ಸುಗ್ರಾ ಚಾಚಿಯ ಹತ್ತಿರ ಪೋಸ್ಟ್ ಮಾಡಲು ಕೊಡುತ್ತೇನೆ. ಪಕ್ಕದ ಓಣಿಯಲ್ಲಿ ಬಳೆ ತೊಡಿಸಿ ಮತ್ತೆ ಬರುತ್ತಾರಂತೆ. "ಬರೆದಿಡವ್ವ, ಬಳೆ ಪೆಟ್ಟಿಗೇಲಿ ಇಟ್ಕಂಡು ಹೋಗ್ತೀನಿ, ಯಾರು ಕೇಳ್ತಾರೆ" ಅಂದರು. ನನ್ನ ಕೈ ಹಿಡಿದು ನೋಡಿ, ಮೊದಲಿನ ಅಳತೆಯ ಬಳೆಗಳು ಜಾರುತ್ತವೆ ಎಂದು ಸಣ್ಣ ಅಳತೆಯವನ್ನು ತೊಡಿಸಿದರು. ಅಜ್ಜಿಯ ಮುಂದೆ ಆ ವಿಷಯ ಮಾತಾಡಲಿಲ್ಲ.

ಎಲ್ಲ ಕಾಗದದಲ್ಲೂ ಆರಾಮ ಎಂದು ಬರೆದೆ. ನಾನು ಆರಾಮಾಗಿಲ್ಲ ಅತ್ತೆ. ಏನಾಗಿದೆ ಎಂದು ಹೇಳಲೂ ಬರುವುದಿಲ್ಲ. ಹೊಟ್ಟೆ ತುಂಬ ಊಟ ಇದೆ, ಮೈ ತುಂಬ ಬಟ್ಟೆ ಇದೆ, ಬೈಯುವವರು ಯಾರೂ ಇಲ್ಲ. ಆದರೂ ಅಳು ಬರುತ್ತದೆ. ಕೂಸು ಹಾಲು ಕುಡಿಯುವಾಗ ಬರುತ್ತದೆ, ಮಲಗಿದಾಗ ಬರುತ್ತದೆ. ಈ ಕೋಣೆಯಲ್ಲಿ ಬೆಳಗಾಯಿತೋ ಬೈಗಾಯಿತೋ ತಿಳಿಯುವುದಿಲ್ಲ. ಅಜ್ಜಿ ಸಾಂಬ್ರಾಣಿ ಹೊಗೆ ಹಾಕಿದರೆ ಸಂಜೆಯೆಂದು ತಿಳಿದುಕೊಳ್ಳುತ್ತೇನೆ. ಅಜ್ಜಿ ಬಂದರೆ ಮುಖ ಒರೆಸಿಕೊಳ್ಳುತ್ತೇನೆ. ಅವಳಿಗೆ ಹೇಗೆ ಹೇಳಲಿ? ಅಷ್ಟು ವಯಸ್ಸಾದವಳು ಬಿಸಿನೀರಿನ ಹಂಡೆಯ ಮುಂದೆ ಬೆವರುತ್ತ ಕೂತಿರುತ್ತಾಳೆ. ನಾನು ಅತ್ತೆನೆಂದು ಗೊತ್ತಾದರೆ ತನ್ನ ಬಾಣಂತನದಲ್ಲಿ ಕೊರತೆಯಾಯಿತೆಂದು ಎದೆ ಒಡೆದುಕೊಳ್ಳುತ್ತಾಳೆ.

ನೀವಾದರೂ ಕೇಳುತ್ತೀರಿ ಎಂದು ಕಾದೆ. ನಿಮ್ಮ ಕಾಗದ ಬಂದಾಗಲೆಲ್ಲ ಅಪ್ಪ ಓದಲು ಶುರುಮಾಡಿದರೆ, ಈ ಸಲ ಕೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಗಿಡ ಹೇಗಿದೆ, ಗಿಡಕ್ಕೆ ಬಿಸಿಲು ಎಷ್ಟು, ಗಿಡವನ್ನು ತಿರುಗಿಸು. ಗಿಡದ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಒಂದು ದಿನ ಅದರ ಹಳದಿ ಎಲೆಗಳನ್ನೆಲ್ಲ ಕಿತ್ತು ದಿಂಬಿನ ಕೆಳಗೆ ತುರುಕಿದೆ. ಆಮೇಲೆ ಅದಕ್ಕೂ ಅತ್ತುಬಿಟ್ಟೆ. ನೀವು ನೋಡಲು ಬಂದ ದಿನವೂ ಕೂಸನ್ನು ಎತ್ತಿಕೊಂಡು ಬರೀ ಕಿಟಕಿಯ ಕಡೆಗೇ ನೋಡುತ್ತ ನಿಂತಿರಿ, ನನ್ನ ಮುಖ ನೋಡಲಿಲ್ಲ. ನನ್ನಿಂದ ಏನು ತಪ್ಪಾಯಿತು?

ಹೊನ್ನಾಳಿಯಲ್ಲಿ ನಿಮ್ಮ ಮಷಿನ್ನಿನ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಾಗ ನೀವು ನನ್ನನ್ನು ಎಷ್ಟು ಬೈಯುತ್ತಿದ್ದಿರಿ. ಆ ಬೈಗುಳವೇ ಈಗ ಬೇಕೆನ್ನಿಸುತ್ತದೆ.

ಇದಕ್ಕೆ ಉತ್ತರ ಬರೆಯಬೇಡಿ. ಬರೆದರೆ ಅಪ್ಪ ಗಟ್ಟಿಯಾಗಿ ಓದುತ್ತಾರೆ.

ಸುನೀತಾ


ಹೊನ್ನಾಳಿ
7 ನವೆಂಬರ್ 2024

ನನ್ನ ಮಗಳೇ,

ಮಲ್ಲೇಶಪ್ಪನವರೆ, ಇದನ್ನು ಎಷ್ಟು ಗಟ್ಟಿಯಾಗಿ ಓದಲು ಸಾಧ್ಯವೋ ಅಷ್ಟು ಗಟ್ಟಿಯಾಗಿ ಓದಿ. ನಡುವೆ ನಿಲ್ಲಿಸಬೇಡಿ. ಗಂಟಲು ಕಟ್ಟಿದರೆ ನೀರು ಕುಡಿದು ಮುಂದೆ ಓದಿ. ಅಜ್ಜಮ್ಮನವರು ಕೇಳಲೆಂದೇ ಬರೆಯುತ್ತಿದ್ದೇನೆ.

ಇಷ್ಟು ದಿನ ನಾನು ಸುಳ್ಳು ಬರೆದೆ. ದೊಡ್ಡಪತ್ರೆ ವಾಸನೆಗೆ ಸೊಳ್ಳೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆಯವರ ಕೈ ಆಗಿಬರುವುದಿಲ್ಲ ಎಂದದ್ದು ಶುದ್ಧ ಕಟ್ಟುಕಥೆ. ಗಿಡಕ್ಕೆ ಮನುಷ್ಯರ ಸಹವಾಸ ಬೇಕು ಎಂದು ಬರೆಯುವಾಗ ನನಗೇ ನಗು ಬಂತು. ಆ ಗಿಡ ಇದ್ದರೆಷ್ಟು, ಒಣಗಿದರೆಷ್ಟು? ಅದರ ತುಂಡು ನ್ಯಾಮತಿಯಲ್ಲಿ ನಮ್ಮಕ್ಕನ ಹಿತ್ತಲಲ್ಲಿ ಬೇಕಾದಷ್ಟು ಸಿಗುತ್ತವೆ. ನನಗೆ ಬೇಕಾದದ್ದು ನನ್ನ ಸೊಸೆ.

ಆವತ್ತು ನಿನ್ನ ಕೋಣೆಗೆ ಬಂದಾಗ ಕತ್ತಲೆಯಲ್ಲಿ ನೀನು ಎಲ್ಲಿ ಕೂತಿದ್ದೀಯೆಂದೇ ಮೊದಲು ಕಾಣಲಿಲ್ಲ. ಆಮೇಲೆ ಕಂಡೆ. ನಿನ್ನ ಕಣ್ಣು ನೋಡಿದ್ದೇ ಸೀದಾ ಕಿಟಕಿಯ ಕಡೆ ತಿರುಗಿದೆ. ಮುಖ ನೋಡುತ್ತ ನಿಂತಿದ್ದರೆ ನಾನು ಅತ್ತುಬಿಡುತ್ತಿದ್ದೆ. ಬೀಗರ ಮನೆಯಲ್ಲಿ, ಹೆಸರಿಡುವ ಮೊದಲು, ಕೂಸಿನ ಎದುರಿಗೆ ಅಳಬಾರದೆಂದು ಬಾಯಿ ಮುಚ್ಚಿಕೊಂಡು ಬಂದೆ. ಬಾಣಂತನಕ್ಕೆ ಬಾಯಿ ಹಾಕಿದರೆ ನಿನ್ನನ್ನು ಸಾಕಿದವರಿಗೆ ಅವಮಾನವೆಂದು ಗಿಡವನ್ನು ಮುಂದೆ ಮಾಡಿದೆ. ಕಿಟಕಿ ತೆಗೆಸಬೇಕಿತ್ತು ನನಗೆ. ನೀವು ಗಿಡವನ್ನು ಅಂಗಳಕ್ಕೆ ಹೊತ್ತುಕೊಂಡು ಹೋದಿರಿ!

ರವಿ ಹುಟ್ಟಿದಾಗ ನಾನು ನ್ಯಾಮತಿಯಲ್ಲಿ ಇಂಥದೇ ಕೋಣೆಯಲ್ಲಿದ್ದೆ. ಯಾವ ದುಃಖವೂ ಇರಲಿಲ್ಲ, ಆದರೂ ಕೌದಿ ಕಚ್ಚಿಕೊಂಡು ಅಳುತ್ತಿದ್ದೆ. ಬಂದವರೆಲ್ಲ ಹಾಲು ಬರುತ್ತದೆಯೇ, ಕೂಸು ನಿದ್ದೆ ಮಾಡುತ್ತದೆಯೇ ಎಂದು ಕೇಳಿದರು. ನೀನು ಹೇಗಿದ್ದೀಯ ಎಂದು ಒಬ್ಬರೂ ಕೇಳಲಿಲ್ಲ. ಒಂದು ದಿನ ಅಕ್ಕ ಮೆಣಸಿನಕಾಯಿ ಆರಿಸಲು ಬಾ ಎಂದು ಸುಳ್ಳು ಹೇಳಿ ಹಿತ್ತಲಿಗೆ ಕರೆದುಕೊಂಡು ಹೋದಳು. ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತೆ. ಆವತ್ತು ಊಟ ರುಚಿಯಾಯಿತು.

ಈಗ ಕೇಳುತ್ತೇನೆ. ಗಿಡದ ಮಾತು ಬಿಡು. ಸುನೀತಾ, ನೀನು ಹೇಗಿದ್ದೀಯಮ್ಮ?

ಅಜ್ಜಮ್ಮನವರೆ, ನಿಮ್ಮ ಕೈಯ ಆರೈಕೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಬಿಸಿನೀರು, ಕೆಂಡ, ಸಾರು ಎಲ್ಲವೂ ಇರಲಿ. ಅದರ ಜೊತೆಗೆ ಆ ಹುಡುಗಿಗೆ ಸ್ವಲ್ಪ ಬೆಳಕು ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಸಿಟ್ಟು ಬಂದರೆ ನನ್ನನ್ನು ಬೈಯಿರಿ. ಅವಳನ್ನು ಬೈಯಬೇಡಿ, ಅವಳು ನನಗೆ ಏನೂ ಹೇಳಿಲ್ಲ.

ಪುಷ್ಪಾವತಿ


ಬಿಳಿಚೋಡು
20 ನವೆಂಬರ್ 2024

ಅತ್ತೆ,

ಅಪ್ಪ ಗಟ್ಟಿಯಾಗಿಯೇ ಶುರುಮಾಡಿದರು. ನನ್ನ ಸೊಸೆ ಅನ್ನುವಲ್ಲಿಗೆ ದನಿ ಇಳಿಯಿತು. ನೀವು ಹೇಳಿದ್ದಿರಲ್ಲ ಎಂದು ನಿಜವಾಗಿಯೂ ನೀರು ಕುಡಿದು ಬಂದು ಮುಂದೆ ಓದಿದರು. ನೀನು ಹೇಗಿದ್ದೀಯಮ್ಮ ಎಂದು ಓದಿದಾಗ ನನಗೆ ತಡೆಯಲು ಆಗಲಿಲ್ಲ. ಸ್ಕಾರ್ಫನ್ನು ಬಾಯಿಗೆ ಒತ್ತಿಕೊಂಡೆ. ಕತ್ತಲಲ್ಲವೇ, ಅಜ್ಜಿಗೆ ಕಾಣಲಿಲ್ಲ.

ಅಜ್ಜಿಗೆ ಕೆಟ್ಟ ಸಿಟ್ಟು ಬಂತು. "ಹೊನ್ನಾಳಿಯಾಕಿ ನನಗೆ ಬಾಣಂತನ ಮಾಡಾಕೆ ಕಲಿಸ್ತಾಳೇನು? ಈ ಕೋಣ್ಯಾಗೆ ಹುಟ್ಟಿದೋರು ಯಾರು ಸೊರಗ್ಯಾರೆ? ಮಲ್ಲೇಶ, ನೀನು ಹುಟ್ಟಿದ್ದೂ ಇಲ್ಲೇ ಅಲ್ವೇನೋ?" ಎಂದು ಅಪ್ಪನ ಮೇಲೆ ಹರಿಹಾಯ್ದಳು. ಆವತ್ತು ನನಗೆ ಎರೆದ ನೀರು ಮಾತ್ರ ದಿನಕ್ಕಿಂತ ಬಿಸಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಂದವಳೇ ಕಿಟಕಿಯ ಕಂಬಳಿ ಬಿಚ್ಚಿದಳು. ಕೊಡವಿ, ಮಡಚಿ, ಅದನ್ನೇ ಕಿಟಕಿಯ ಕೆಳಗೆ ಹಾಸಿ, ಕಿಟಕಿಗೆ ಬೆನ್ನು ಕೊಟ್ಟು ಕೂತಳು. ಗಾಳಿ ಬೀಸಿದರೆ ತನ್ನ ಬೆನ್ನಿಗೆ ಬಡಿಯಲಿ, ನನಗೆ ಬಡಿಯುವುದು ಬೇಡ ಎಂದು. "ಈಗ ಬಾ, ಎದುರಿಗೆ ಕೂತ್ಕ. ಬೆಳಕು ಬೇಕಂತಲ್ಲ ನಿನಗೆ" ಎಂದು ಮುಖ ಊದಿಸಿಕೊಂಡೇ ಹೇಳಿದಳು. ನಾನು ಕೂಸನ್ನು ಎತ್ತಿಕೊಂಡು ಹೋಗಿ ಎದುರಿಗೆ ಕೂತೆ. ಅಜ್ಜಿಯ ಎರಡೂ ಭುಜಗಳ ಮೇಲಿಂದ ಬಿಸಿಲು ಬಂದು ನನ್ನ ಮುಖಕ್ಕೆ ಬಿತ್ತು. ಕಣ್ಣು ಬಿಡಲು ಸ್ವಲ್ಪ ಹೊತ್ತು ಬೇಕಾಯಿತು. ಬಿಟ್ಟು ನೋಡಿದರೆ ಅಜ್ಜಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಇಷ್ಟು ಸೊರಗೀಯಲ್ಲೇ ನನ್ನವ್ವ! ಕಣ್ಣು ಹಿಂಗೆ ಬಾತ್ಕಂಡಾವಲ್ಲೇ! ನಂಗೆ ಕಾಣಲೇ ಇಲ್ವಲ್ಲೇ!" ಅಂದಳು.

ದಿನಾ ಮೈ ತೊಳೆದವಳು, ತಲೆ ಕಟ್ಟಿದವಳು, ತುತ್ತು ಬಾಯಿಗಿಟ್ಟವಳು. ನನ್ನ ಮುಖವನ್ನು ಅವಳು ನೋಡಿರಲಿಲ್ಲ ಅತ್ತೆ. ನಾನು ಅವಳ ಮಡಿಲಲ್ಲಿ ಬಿದ್ದು ಅತ್ತುಬಿಟ್ಟೆ, ಎಲ್ಲವನ್ನೂ ಹೇಳಿದೆ. ಸುಗ್ರಾ ಚಾಚಿಯ ಕೈಲಿ ಕಳಿಸಿದ ಕಾಗದದ ವಿಷಯವನ್ನೂ ಹೇಳಿದೆ. ಬೈಯಲಿಲ್ಲ. ಮೂಗು ಒರೆಸಿಕೊಂಡು, ಈ ಸಲ ಚಾಚಿ ಬಂದರೆ ಚಹ ಕೊಡದೆ ಕಳಿಸಬೇಡ ಅಂದಳು.

ಕೂಸಿನ ಎಡಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ ಇದೆ. ಹೆತ್ತವಳು ನಾನು, ಆವತ್ತೇ ಮೊದಲು ನೋಡಿದ್ದು.

ಮೊನ್ನೆ ಕೂಸಿಗೆ ಚುಚ್ಚುಮದ್ದು ಹಾಕಿಸಲು ಜಗಳೂರಿಗೆ ಹೋಗಿದ್ದೆವು. ಅಲ್ಲಿಯ ಡಾಕ್ಟರಮ್ಮನಿಗೆ ಅಳುವಿನ ವಿಷಯವನ್ನು ಅಜ್ಜಿಯೇ ಹೇಳಿದಳು. ಹೆರಿಗೆಯಾದ ಮೇಲೆ ಬಹಳ ಜನಕ್ಕೆ ಹೀಗಾಗುತ್ತದೆ, ಮುಚ್ಚಿಡಬೇಡಿ ಎಂದು ಅವರು ಸಮಾಧಾನವಾಗಿ ಮಾತಾಡಿದರು. ಹದಿನೈದು ದಿನ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಅಳು ಪೂರ್ತಿ ನಿಂತಿಲ್ಲ. ಆದರೆ ಈಗ ಅತ್ತರೆ ಅತ್ತೆನೆಂದು ಹೇಳುತ್ತೇನೆ. ನಿನ್ನೆ ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡೆ.

ಗಿಡವನ್ನು ಕಿಟಕಿಯ ಹತ್ತಿರ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟಿದ್ದೇವೆ. ಅಪ್ಪ ದಿನಾ ಬಾಗಿಲಲ್ಲಿ ನಿಂತು, ತಿರುಗಿಸಿದ್ರಾ ಎಂದು ಕೇಳುತ್ತಾರೆ. ಹಳದಿಯಾದ ಹಳೆಯ ಕೊಂಬೆಗಳಿಗೆ ಹಸಿರು ಬಣ್ಣ ಬರಲಿಲ್ಲ, ಅವನ್ನು ಕತ್ತರಿಸಿ ಹಾಕಿದೆವು.

ಈ ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಕೂತು ನಾನೇ ಬರೆಯುತ್ತಿದ್ದೇನೆ. ಅಪ್ಪ ಓದಿ ನೋಡುವುದಿಲ್ಲವಂತೆ. ಅಜ್ಜಿ ಮಾತ್ರ ಪಕ್ಕದಲ್ಲಿ ಕೂತು ನಿಮಗೆ ಎರಡು ಮಾತು ಹೇಳಬೇಕಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

"ಪುಷ್ಪಾವತಮ್ಮ, ನಾನು ಅಜ್ಜಮ್ಮ. ಸಿಟ್ಟು ಬಂದಿತ್ತು, ಈಗಿಲ್ಲ. ನಾನೂ ಈ ಕೋಣ್ಯಾಗೆ ಅತ್ತೀನ್ರೀ. ಪ್ರತಿ ಬಾಣಂತನಕ್ಕೂ ಅತ್ತೀನಿ. ಕತ್ತಲಾಗೆ ಅತ್ರೆ ಯಾರಿಗೂ ಕಾಣ್ತಿರಲಿಲ್ಲ, ನಮ್ಮತ್ತೆಗೂ ಕಾಣ್ತಿರಲಿಲ್ಲ. ಅದಕ್ಕೇ ಬಾಣಂತಿಗೆ ಕತ್ತಲು ಒಳ್ಳೇದು ಅಂತ ತಿಳ್ಕಂಡಿದ್ದೆ. ಇವಳಿಗೆ ನಿಮ್ಮಂಥ ಅತ್ತೆ ಅದಾರೆ ಅಂತ ನಂಗೆ ಹೆಂಗೆ ಗೊತ್ತಾಗಬೇಕ್ರೀ? ಸುಮ್ನೆ ಕಾಗದ ಬರಕಂತ ಕೂರಬ್ಯಾಡ್ರಿ. ಮಷಿನ್ ತಗಂಡು ಬರ್ರಿ, ಇಲ್ಲೇ ಇರ್ರಿ. ಬಾಣಂತನದ ಮನ್ಯಾಗೆ ಬೀಗಿತ್ತಿ ಉಳೀಬಾರದು ಅಂತ ಹೇಳ್ತಿದ್ದ ಹಿರೇರು ಯಾರೂ ಈಗ ಇಲ್ಲ. ಹಿರೇಳು ಅಂದ್ರೆ ನಾನೊಬ್ಬಳೇ ಉಳಿದಿರಾದು. ನಾನು ಹೇಳ್ತೀನಿ, ಬರ್ರಿ."

ಸುನೀತಾ